ಆಟಿಸಂ ಪರೀಕ್ಷೆಗೆ ಮಗುವನ್ನು ಕರೆದೊಯ್ಯುವವರಿಗೆ: ಒಬ್ಬ ಸೋದರಮಾವನ ಕಡತದಿಂದ

ಕೊಪ್ಪಳದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಹದಿನೇಳು ವರ್ಷಗಳಿಂದ ಊರಿನವರ ಕಷ್ಟಗಳೆಲ್ಲ ನನ್ನ ಯಂತ್ರದ ಗಾಜಿನ ಮೇಲೆ ಬೋರಲು ಮಲಗಿ ಎದ್ದು ಹೋಗಿವೆ: ಪಹಣಿ, ಜಾತಿ ಪ್ರಮಾಣಪತ್ರ, ಮರಣ ಪ್ರಮಾಣಪತ್ರ, ಅಂಗವಿಕಲರ ಕಾರ್ಡು. ಆಟಿಸಂ ಎಂಬ ಶಬ್ದವನ್ನು ಬೇರೆಯವರ ಮಕ್ಕಳ ಕಾಗದಗಳಲ್ಲಿ ಎಷ್ಟೋ ಸಲ ನೋಡಿದ್ದೆ. ಆದರೂ ಕಾರಟಗಿಯಿಂದ ತಂಗಿ ಬಂದಾಗಲೆಲ್ಲ ಅವಳ ಮಗ ಇದೇ ಅಂಗಡಿಯಲ್ಲಿ ಕೂತು, ಕಿನ್ನಾಳದ ಮರದ ಗಾಡಿಯನ್ನು ತಲೆಕೆಳಗು ಮಾಡಿ ಅರ್ಧ ಗಂಟೆ ಒಂದೇ ಚಕ್ರವನ್ನು ತಿರುಗಿಸುತ್ತಿದ್ದಾಗ, ‘ನಮ್ಮ ಅಳಿಯ ಇಂಜಿನಿಯರ್ ಆಗುವುದು ಖಂಡಿತ’ ಎಂದು ಗಿರಾಕಿಗಳೆದುರು ನಕ್ಕವನು ನಾನೇ.

ಆಮೇಲಿನ ಒಂದು ವರ್ಷದಲ್ಲಿ ಅವನ ಜೊತೆ ನಾನೂ ಆಸ್ಪತ್ರೆಗಳಿಗೆ ಓಡಾಡಿದೆ. ತಂಗಿಯ ಗಂಡ ಅಕ್ಕಿ ಗಿರಣಿಯಲ್ಲಿ ಗುಮಾಸ್ತ, ಸುಗ್ಗಿಯಲ್ಲಿ ರಜೆ ಸಿಗುವುದಿಲ್ಲ. ಹೀಗಾಗಿ ಕಡತ ಹೊರುವ ಕೆಲಸ ನನ್ನ ಪಾಲಿಗೆ ಬಂತು. ಈಗ ಅಂಗಡಿಗೆ ಬರುವ ತಂದೆತಾಯಿಗಳಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿಳಿದಿರಬೇಕಾದದ್ದು ಇದು. ಆಟಿಸಂ ಎಂದರೆ ಬೇರೆಯವರೊಡನೆ ಬೆರೆಯುವ, ಮಾತಾಡುವ, ಆಡುವ ರೀತಿಯೇ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ. ಅದು ಇದೆಯೋ ಇಲ್ಲವೋ ಎಂದು ಹೇಳುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ತಜ್ಞರು ಮಗುವನ್ನು ನೋಡುತ್ತಾರೆ, ಮನೆಯವರನ್ನು ಕೇಳುತ್ತಾರೆ, ಎರಡನ್ನೂ ತೂಗಿ ಒಂದು ತೀರ್ಮಾನಕ್ಕೆ ಬರುತ್ತಾರೆ. ಅಂದರೆ ಪರೀಕ್ಷೆಯ ಅರ್ಧ ಭಾಗ ನಿಮ್ಮ ಬಾಯಲ್ಲಿದೆ. ನಾವು ಮೊದಲ ಸಲ ಆ ಅರ್ಧವನ್ನೇ ಕೆಡಿಸಿದೆವು. ಹೇಗೆಂದು ಮುಂದೆ ಹೇಳುತ್ತೇನೆ.

ಮಾತಿಗಿಂತ ಮೊದಲು ಬೆರಳು

ಮಾತು ತಡವಾದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ನೀವು ಬೆರಳನ್ನು ನೋಡಿ. ವರ್ಷ ತುಂಬುವ ಹೊತ್ತಿಗೆ, ತಡವೆಂದರೆ ಒಂದೂವರೆ ವರ್ಷಕ್ಕೆ, ಮಕ್ಕಳು ಬೆರಳು ಮಾಡಿ ತೋರಿಸಲು ಕಲಿಯುತ್ತಾರೆ. ಅದರಲ್ಲಿ ಎರಡು ಬಗೆ. ಡಬ್ಬಿಯಲ್ಲಿರುವ ಬಿಸ್ಕತ್ತು ಬೇಕು ಎಂದು ತೋರಿಸುವುದು ಒಂದು. ಓಣಿಯಲ್ಲಿ ಎಮ್ಮೆ ಬಂತು ಎಂದು ತೋರಿಸಿ, ತಿರುಗಿ ನಿಮ್ಮ ಮುಖ ನೋಡುವುದು ಇನ್ನೊಂದು. ಎರಡನೆಯದರಲ್ಲಿ ಮಗುವಿಗೆ ಏನೂ ಬೇಕಾಗಿಲ್ಲ, ಎಮ್ಮೆಯನ್ನು ನೀವೂ ನೋಡಬೇಕು, ಅಷ್ಟೇ. ನಮ್ಮ ಹುಡುಗ ಎರಡನ್ನೂ ಮಾಡುತ್ತಿರಲಿಲ್ಲ. ಬಿಸ್ಕತ್ತು ಬೇಕಾದರೆ ನನ್ನ ಮಣಿಕಟ್ಟು ಹಿಡಿದೆಳೆದು, ನನ್ನ ಕೈಯನ್ನು ಇಕ್ಕಳದ ಹಾಗೆ ಡಬ್ಬಿಯ ಮೇಲೆ ಇಡುತ್ತಿದ್ದ. ಮುಖ ಮಾತ್ರ ನೋಡುತ್ತಿರಲಿಲ್ಲ. ಎಷ್ಟು ಚೂಟಿ ಎಂದುಕೊಂಡೆವು.

ಹೆಸರು ಹಿಡಿದು ಕರೆದರೆ ತಿರುಗದಿರುವುದು, ಟಾಟಾ ಮಾಡದಿರುವುದು, ದೊಡ್ಡವರು ಮಾಡಿದ್ದನ್ನು ಅನುಕರಿಸದಿರುವುದು, ಗೊಂಬೆಗೆ ಊಟ ಮಾಡಿಸುವಂಥ ಸುಳ್ಳುಸುಳ್ಳೇ ಆಟ ಆಡದಿರುವುದು ಇವೆಲ್ಲ ಒಂದು ಕಡೆ. ಇನ್ನೊಂದು ಕಡೆ, ಚಪ್ಪಲಿಗಳನ್ನು ಸಾಲಾಗಿ ಜೋಡಿಸುವುದು, ಕೈ ಬೀಸುವುದು, ತುದಿಗಾಲಲ್ಲಿ ನಡೆಯುವುದು, ಕೇಳಿದ ಮಾತನ್ನೇ ಮತ್ತೆ ಮತ್ತೆ ಹೇಳುವುದು, ಹೋಗುವ ದಾರಿ ಬದಲಾದರೆ ನೆಲಕ್ಕೆ ಬಿದ್ದು ಅಳುವುದು, ಕುಕ್ಕರ್ ಸೀಟಿಗೆ ಕಿವಿ ಮುಚ್ಚಿಕೊಳ್ಳುವುದು. ಇದರಲ್ಲಿ ಒಂದೋ ಎರಡೋ ಯಾವ ಮಗುವಿನಲ್ಲೂ ಇರಬಹುದು. ಎರಡೂ ಕಡೆಯವು ಸೇರಿ, ದಿನವೂ, ಮನೆಯಲ್ಲೂ ಹೊರಗೂ ಕಂಡರೆ ತೋರಿಸಲೇಬೇಕು. ಅಪ್ಪಿಕೊಳ್ಳುವ, ನಗುವ ಮಗುವಿಗೂ ಆಟಿಸಂ ಇರಬಹುದು. ಚೆನ್ನಾಗಿ ಮಾತಾಡುವ ಮಗುವಿಗೂ ಇರಬಹುದು. ಹೆಣ್ಣುಮಕ್ಕಳಲ್ಲಂತೂ ಯಾರ ಗಮನಕ್ಕೂ ಬಾರದೆ ಶಾಲೆಯ ವಯಸ್ಸು ದಾಟಿಬಿಡುವುದುಂಟು.

ಒಂದು ಲಕ್ಷಣಕ್ಕೆ ಮಾತ್ರ ಒಂದು ವಾರವೂ ಕಾಯಬೇಡಿ: ಬಂದ ಮಾತು ಹೋಗುವುದು. ಅಳಿಯ ಒಂದೂವರೆ ವರ್ಷದವನಿದ್ದಾಗ ‘ಅಪ್ಪ’, ‘ಬಸ್’, ‘ಬುವ್ವ’ ಎನ್ನುತ್ತಿದ್ದ. ಎರಡು ವರ್ಷಕ್ಕೆ ಮೂರೂ ಇರಲಿಲ್ಲ. ಯಾವ ವಯಸ್ಸಿನಲ್ಲೇ ಆಗಲಿ, ಕಲಿತದ್ದು ಕಳೆದುಹೋದರೆ ಮೊದಲು ವೈದ್ಯರ ಬಳಿ ಹೋಗಿ, ಉಳಿದದ್ದೆಲ್ಲ ಆಮೇಲೆ.

ಕಾಯಲು ಹೇಳುವವರು

ಅವರ ಸಂಖ್ಯೆಗೆ ಕೊರತೆಯಿಲ್ಲ. ಗಂಡುಮಕ್ಕಳು ಮಾತಾಡುವುದು ತಡ, ಅವರ ತಾತನೂ ಐದು ವರ್ಷಕ್ಕೇ ಬಾಯಿ ಬಿಟ್ಟದ್ದು, ತಮ್ಮನೋ ತಂಗಿಯೋ ಹುಟ್ಟಿದರೆ ಸರಿಹೋಗುತ್ತದೆ. ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದಾಯಿತು. ಹುಲಿಗಿಗೆ ಹೋಗಿ ಹುಲಿಗೆಮ್ಮನಿಗೆ ಹರಕೆ ಹೊತ್ತದ್ದಾಯಿತು. ಹರಕೆಯನ್ನು ನಾನು ಬೇಡ ಎನ್ನುವುದಿಲ್ಲ. ನಾನೂ ಜೊತೆಗೆ ಹೋಗಿದ್ದೆ, ಅಮ್ಮನ ಎದುರು ಕೈ ಮುಗಿದೂ ಇದ್ದೆ. ಹರಕೆ ಹೊತ್ತ ವಾರವೇ ಆಸ್ಪತ್ರೆಯ ದಿನಾಂಕವನ್ನೂ ತೆಗೆದುಕೊಳ್ಳಬೇಕಿತ್ತು, ಅದನ್ನು ಮಾಡಲಿಲ್ಲ.

ಮೊಬೈಲ್ ವಿಷಯವೂ ಹಾಗೆಯೇ. ಮೊಬೈಲ್ ಕೊಟ್ಟು ಮಗುವನ್ನು ಹಾಳು ಮಾಡಿದಳು ಎಂದು ತಂಗಿಗೆ ಎಲ್ಲರೂ ಹೇಳಿದರು. ದಿನವಿಡೀ ಪರದೆ ನೋಡುವ ಮಗುವಿಗೆ ಎದುರಿನವರ ಜೊತೆ ಮಾತಾಡುವ ಸಮಯ ಕಡಿಮೆಯಾಗುವುದು ನಿಜ, ಅದನ್ನು ತಗ್ಗಿಸಿ. ಆದರೆ ಆಟಿಸಂ ಬರುವುದು ಮೊಬೈಲಿನಿಂದಲ್ಲ. ಮಿದುಳಿನ ಬೆಳವಣಿಗೆಯಲ್ಲೇ ಮೊದಲಿನಿಂದ ಇರುವ ಬೇರೆ ರೀತಿ ಅದು. ಅದರಲ್ಲಿ ಅನುವಂಶೀಯತೆಯ ಪಾಲು ದೊಡ್ಡದು. ‘ಮೂರು ತಿಂಗಳು ಮೊಬೈಲ್ ನಿಲ್ಲಿಸಿ ನೋಡೋಣ’ ಎಂದು ಪರೀಕ್ಷೆಯನ್ನು ಮುಂದೂಡಬೇಡಿ. ಮೊಬೈಲ್ ನಿಲ್ಲಿಸಿ, ಪರೀಕ್ಷೆಗೂ ಹೋಗಿ. ಲಸಿಕೆಯಿಂದ ಬಂತು ಎನ್ನುವವರೂ ಸಿಗುತ್ತಾರೆ. ಹಾಗೆ ಸುದ್ದಿ ಹಬ್ಬಿಸಿದ 1998ರ ಪ್ರಬಂಧವನ್ನು ಅದನ್ನು ಅಚ್ಚುಮಾಡಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿದೆ. ಚಿಕ್ಕ ಮಗುವಿನ ಲಸಿಕೆ ತಪ್ಪಿಸಬೇಡಿ.

ನಾವು ಕಾದದ್ದರಿಂದ ಏನಾಯಿತು ಗೊತ್ತೇ? ಎಂ-ಚಾಟ್ ಎಂಬ ಇಪ್ಪತ್ತು ಪ್ರಶ್ನೆಗಳ ಪಟ್ಟಿ ಇದೆ. ಹೌದು, ಇಲ್ಲ ಎಂದು ಉತ್ತರಿಸುವಂಥದ್ದು, ಹತ್ತು ನಿಮಿಷದ ಕೆಲಸ. ಅದನ್ನು ಮಾಡಿರುವುದು 16ರಿಂದ 30 ತಿಂಗಳ ಮಕ್ಕಳಿಗೆ. ನಾವು ಹೋದಾಗ ಅಳಿಯನಿಗೆ 34 ತಿಂಗಳು. ಆ ಬಾಗಿಲು ಮುಚ್ಚಿತ್ತು. ನಿಮ್ಮ ಮಗುವಿಗೆ ಆ ವಯಸ್ಸು ದಾಟಿಲ್ಲವಾದರೆ ಮಕ್ಕಳ ವೈದ್ಯರ ಬಳಿ ಅದನ್ನು ಹೆಸರು ಹೇಳಿಯೇ ಕೇಳಿ. ಅದರಲ್ಲಿ ಅಂಕ ಹೆಚ್ಚು ಬಂದರೆ ಆಟಿಸಂ ಇದೆ ಎಂದಲ್ಲ, ಪೂರ್ತಿ ಪರೀಕ್ಷೆ ಬೇಕು ಎಂದರ್ಥ. ಜರಡಿ ಬೇರೆ, ತಕ್ಕಡಿ ಬೇರೆ.

ಎಲ್ಲಿಂದ ಶುರು

ಅಂಗನವಾಡಿಯಿಂದ. ನಗಬೇಡಿ. ನಮ್ಮ ಮನೆಯವರಿಗೆ ಕಾಣದ್ದು ಮೊದಲು ಕಂಡದ್ದು ಕಾರಟಗಿಯ ಅಂಗನವಾಡಿ ಕಾರ್ಯಕರ್ತೆಗೆ. ತೂಕ ಮಾಡುವಾಗ ‘ಇವನು ನನ್ನನ್ನಲ್ಲ, ತಕ್ಕಡಿಯ ಮುಳ್ಳನ್ನು ಮಾತ್ರ ನೋಡುತ್ತಾನಲ್ಲ’ ಎಂದು ತಂಗಿಗೆ ಹೇಳಿದ್ದರು. ಕೇಂದ್ರ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ. ಅದರ ಸಂಚಾರಿ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಶಾಲೆಗಳಿಗೆ ಒಂದು ಸಲ ಬರಬೇಕು. ಹುಟ್ಟಿದ ಮಗುವಿನಿಂದ ಹದಿನೆಂಟು ವರ್ಷದವರೆಗೆ ತಪಾಸಣೆ ಉಚಿತ. ಅನುಮಾನ ಬಂದ ಮಕ್ಕಳನ್ನು ಚೀಟಿ ಬರೆದು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ, ಅಂದರೆ ಆಸ್ಪತ್ರೆಯವರು ಡಿಇಐಸಿ ಎನ್ನುವ ವಿಭಾಗಕ್ಕೆ ಕಳುಹಿಸಬೇಕು. ತಂಡ ಬರುವ ದಿನವನ್ನು ಕಾರ್ಯಕರ್ತೆಯ ಹತ್ತಿರವೋ ಆಶಾ ಹತ್ತಿರವೋ ಕೇಳಿಟ್ಟುಕೊಳ್ಳಿ. ಅಷ್ಟು ದಿನ ಕಾಯಲಾಗದಿದ್ದರೆ ನೇರವಾಗಿ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋಗಿ ಡಿಇಐಸಿ ಎಲ್ಲಿ ಎಂದು ಕೇಳಿದರೂ ನಡೆಯುತ್ತದೆ.

ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಮಕ್ಕಳ ವಿಭಾಗವೂ ಮನೋವೈದ್ಯ ವಿಭಾಗವೂ ಇವೆ. ಇಲ್ಲೊಂದು ಅಡ್ಡಮಾತು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಜಿಲ್ಲಾ ಮಟ್ಟದಲ್ಲಿ ಮಾನಸಿಕ ಆರೋಗ್ಯ ಸೇವೆ ಕೊಡುವ ಪ್ರಯೋಗವನ್ನು ಮಾಡಿದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಇಡೀ ದೇಶಕ್ಕೆ ‘ಬಳ್ಳಾರಿ ಮಾದರಿ’ ಕೊಟ್ಟ ಸೀಮೆಯವರು ನಾವು, ಮನೋವೈದ್ಯರ ಬಾಗಿಲಿಗೆ ಹೋಗುವಾಗ ಮಾತ್ರ ಸೆರಗು ಮರೆ ಮಾಡಿಕೊಂಡು ಹೋಗುತ್ತೇವೆ.

ಹೋಗುವ ಮೊದಲು ಕೇಳಬೇಕಾದ ಪ್ರಶ್ನೆ ‘ಡಾಕ್ಟರು ಇದ್ದಾರೆಯೇ’ ಎಂಬುದಲ್ಲ. ‘ಮಕ್ಕಳ ಆಟಿಸಂ ಪರೀಕ್ಷೆ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಇದ್ದಾರೆಯೇ, ಯಾವ ದಿನ ನೋಡುತ್ತಾರೆ, ಮಾತು ಕಲಿಸುವ ಸ್ಪೀಚ್ ಥೆರಪಿಸ್ಟ್ ಇದ್ದಾರೆಯೇ’ ಎಂಬುದು. ಇಲ್ಲ ಎಂದರೆ ಮೇಲಿನ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಕೊಪ್ಪಳದವರಿಗೆ ಹತ್ತಿರದ್ದು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ಬೆಳಗಿನ ರೈಲು ಹಿಡಿದರೆ ಒಂದೇ ದಿನದಲ್ಲಿ ಹೋಗಿಬರಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು, ಕಿವಿ, ಮನಃಶಾಸ್ತ್ರ ಎಲ್ಲವನ್ನೂ ಒಂದೇ ಆವರಣದಲ್ಲಿ ನೋಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಬೇರೆ ಇದೆ. ಹಂಪಿ ಎಕ್ಸ್‌ಪ್ರೆಸ್ ಸಂಜೆ ಹುಬ್ಬಳ್ಳಿ ಬಿಟ್ಟು ಕೊಪ್ಪಳ, ಹೊಸಪೇಟೆ, ಬಳ್ಳಾರಿಯವರನ್ನೆಲ್ಲ ಹತ್ತಿಸಿಕೊಂಡು ಬೆಳಗ್ಗೆ ಬೆಂಗಳೂರು ಮುಟ್ಟಿ, ಮೈಸೂರಿಗೂ ಹೋಗುತ್ತದೆ. ರಾಯಚೂರಿನ ಕಡೆಯವರಿಗೆ ಸಿಕಂದರಾಬಾದಿನ ಬೌದ್ಧಿಕ ವಿಕಲತೆಯ ರಾಷ್ಟ್ರೀಯ ಸಂಸ್ಥೆ ಬೆಂಗಳೂರಿಗಿಂತ ಹತ್ತಿರ. ಮುಂದೆ ಪ್ರಮಾಣಪತ್ರದ ಮಾತು ಬಂದಾಗ ಐಎಸ್‌ಎಎ ಎಂಬ ಮಾಪಕದ ಹೆಸರು ಬರುತ್ತದೆ. ಅದನ್ನು ರೂಪಿಸಿದ್ದು ಅಲ್ಲಿಯೇ.

ಖಾಸಗಿಯಾಗಿ ತೋರಿಸುವವರು ಒಂದನ್ನು ಖಚಿತಪಡಿಸಿಕೊಳ್ಳಿ. ಕ್ಲಿನಿಕಲ್ ಸೈಕಾಲಜಿಸ್ಟ್, ಸ್ಪೀಚ್ ಥೆರಪಿಸ್ಟ್ ಎಂದು ಫಲಕ ಹಾಕಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ವರದಿಯ ಕೆಳಗೆ ಸಹಿಯ ಜೊತೆ ಆ ಸಂಖ್ಯೆ ಇಲ್ಲದಿದ್ದರೆ ಕೇಳಿ. ಕೇಳಿದರೆ ಯಾರೂ ಸಿಟ್ಟಾಗಬಾರದು, ಸಿಟ್ಟಾದರೆ ಅದೇ ಉತ್ತರ.

ಎಲ್ಲಿಗೆ ಹೋಗಬೇಕೆಂದೇ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು.

ಕಿವಿಯ ಪರೀಕ್ಷೆ, ಮತ್ತು ಬಸ್ಸಿನ ನಿದ್ದೆ

ಎಲ್ಲಿ ಹೋದರೂ ಮೊದಲು ಕಿವಿ ತೋರಿಸಿ ಎನ್ನುತ್ತಾರೆ. ಕಿವಿ ಕೇಳಿಸದ ಮಗುವೂ ಕರೆದರೆ ತಿರುಗುವುದಿಲ್ಲವಲ್ಲ. ಬೆರಾ ಎಂಬ ಪರೀಕ್ಷೆ ಇದೆ. ತಲೆಗೆ ಚಿಕ್ಕ ತಂತಿಗಳನ್ನು ಅಂಟಿಸಿ, ಕಿವಿಗೆ ಸದ್ದು ಕೊಟ್ಟು, ಅದು ಮಿದುಳಿನ ಬುಡಕ್ಕೆ ತಲುಪಿತೇ ಎಂದು ನೋಡುತ್ತಾರೆ. ನೋವಿಲ್ಲ, ಆದರೆ ಮಗು ನಿದ್ದೆಯಲ್ಲಿರಬೇಕು. ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಗ್ಗೆ ಬೇಗ ಎಬ್ಬಿಸಿ, ನಿದ್ದೆಗೆಡಿಸಿ ಕರೆತನ್ನಿ ಎಂದು ಹೇಳಿರುತ್ತಾರೆ.

ನಾಲ್ಕು ಗಂಟೆಗೆ ಎಬ್ಬಿಸಿದೆವು. ಕಾರಟಗಿಯಿಂದ ಗಂಗಾವತಿ ಬರುವಷ್ಟರಲ್ಲಿ ತಂಗಿಯ ಹೆಗಲ ಮೇಲೆ ಹುಡುಗ ಗೊರಕೆ ಹೊಡೆಯುತ್ತಿದ್ದ. ಪಾಪ ಮಲಗಲಿ ಎಂದು ಎಲ್ಲರೂ ಸುಮ್ಮನಿದ್ದೆವು, ನಾವೂ ತೂಕಡಿಸಿದೆವು. ಆಸ್ಪತ್ರೆಯ ಗೇಟಿನಲ್ಲಿ ಕಣ್ಣು ಬಿಟ್ಟವನು ಹೊಸದಾಗಿ ಬೆಳಗಾದವನಂತೆ ವರಾಂಡದ ಉದ್ದಕ್ಕೂ ಓಡತೊಡಗಿದ. ನಿದ್ದೆಯ ಸಿರಪ್ ಕೊಟ್ಟರೂ ಮಲಗಲಿಲ್ಲ. ಹನ್ನೊಂದು ದಿನದ ನಂತರ ಬನ್ನಿ ಎಂದರು. ಎರಡನೆಯ ಸಲ ನನಗೊಂದೇ ಕೆಲಸ: ಬಸ್ಸಿನಲ್ಲಿ ಅವನನ್ನು ಮಲಗಗೊಡದಿರುವುದು. ಒದ್ದೆ ಕರವಸ್ತ್ರದಿಂದ ಅಂಗಾಲು ಒರೆಸುತ್ತಾ, ಎದುರು ಬರುವ ಲಾರಿಗಳನ್ನು ತೋರಿಸುತ್ತಾ ಕೂತೆ. ಪರೀಕ್ಷೆ ಇಪ್ಪತ್ತೈದು ನಿಮಿಷದಲ್ಲಿ ಮುಗಿಯಿತು. ದೂರದ ಊರಿನಿಂದ ಬರುವವರು ಇದಕ್ಕಾಗಿಯೇ ಒಬ್ಬ ದೊಡ್ಡವರನ್ನು ಜೊತೆಗೆ ಕರೆತನ್ನಿ. ಸಿರಪ್ ಕೊಡುವುದಾದರೆ ಎಷ್ಟು ಹೊತ್ತಿನಿಂದ ಊಟ, ಹಾಲು ನಿಲ್ಲಿಸಿರಬೇಕು ಎಂದು ಮೊದಲೇ ಕೇಳಿ. ಮಗುವಿಗೆ ಫಿಟ್ಸ್ ಅಥವಾ ಉಬ್ಬಸ ಇದ್ದರೆ ಅದನ್ನೂ ಹೇಳಿ.

ಅತ್ತೆಯ ಸಾಕ್ಷಿ

ಈಗ ನಾವು ಕೆಡಿಸಿದ ಅರ್ಧದ ಕಥೆ. ಮೊದಲ ಭೇಟಿಗೆ ತಂಗಿಯ ಅತ್ತೆಯೂ ಬಂದಿದ್ದರು. ತಂಗಿಯನ್ನು ಕೊಟ್ಟಿರುವುದು ಸೋದರತ್ತೆಯ ಮಗನಿಗೇ, ಆದ್ದರಿಂದ ನನಗೂ ಅವರು ಅತ್ತೆ. ವೈದ್ಯರು ಕೇಳಿದರು, ‘ಹೆಸರು ಕರೆದರೆ ತಿರುಗುತ್ತಾನೆಯೇ?’ ಅತ್ತೆ, ‘ತಿರುಗದೆ ಏನು, ನಾನು ಕರೆದರೆ ಓಡಿ ಬರುತ್ತಾನೆ.’ ‘ಬಾಯಾರಿದರೆ ನೀರು ಕೇಳುತ್ತಾನೆಯೇ?’ ‘ಕೇಳುವ ತನಕ ನಾನು ಬಿಟ್ಟರೆ ತಾನೇ?’ ‘ಬೇರೆ ಮಕ್ಕಳ ಜೊತೆ ಆಡುತ್ತಾನೆಯೇ?’ ‘ಮನೆ ತುಂಬ ಮಕ್ಕಳು, ಎಲ್ಲರ ನಡುವೆಯೇ ಇರುತ್ತಾನೆ.’ ತಂಗಿ ತಲೆ ತಗ್ಗಿಸಿ ಕೂತಿದ್ದಳು. ವೈದ್ಯರು ಒಂದು ಟಾನಿಕ್ ಬರೆದು ಆರು ತಿಂಗಳು ನೋಡೋಣ ಎಂದರು. ಐದು ನಿಮಿಷದ ಭೇಟಿ.

ಅತ್ತೆ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಹುಡುಗ ಓಡಿ ಬರುತ್ತಿದ್ದುದು ನಿಜ, ಅವರ ಕೈಯಲ್ಲಿ ಬೆಲ್ಲದ ಡಬ್ಬಿ ಇರುತ್ತಿತ್ತು. ನೀರು ಕೇಳುತ್ತಿರಲಿಲ್ಲ, ಅವನ ತುಟಿ ಒಣಗುವ ಮೊದಲೇ ಲೋಟ ಬರುತ್ತಿತ್ತು. ಮಕ್ಕಳ ನಡುವೆ ಇರುತ್ತಿದ್ದ, ಯಾರ ಜೊತೆಗೂ ಇರುತ್ತಿರಲಿಲ್ಲ. ಕೂಡುಕುಟುಂಬದಲ್ಲಿ ಹತ್ತು ಕೈಗಳು ಸೇರಿ ಮಗುವಿನ ಕೊರತೆಯನ್ನು ಎಷ್ಟು ಚೆನ್ನಾಗಿ ಮುಚ್ಚಿಬಿಡುತ್ತವೆ ಎಂದರೆ, ಮುಚ್ಚುತ್ತಿದ್ದೇವೆ ಎಂಬುದು ಆ ಕೈಗಳಿಗೇ ತಿಳಿಯುವುದಿಲ್ಲ.

ಆಮೇಲೆ ನಾನು ತಂಗಿಗೆ ಅಂಗಡಿಯಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಟ್ಟೆ. ಎರಡು ವಾರ ಬರೆದರೆ ಸಾಕು. ನಿಯಮ ಒಂದೇ: ಕಂಡದ್ದನ್ನು ಬರೆಯಬೇಕು, ಅನಿಸಿದ್ದನ್ನು ಬರೆಯಬಾರದು. ‘ಹಟ ಮಾಡಿದ’ ಎಂದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಅವಳ ಪುಸ್ತಕದ ಒಂದು ಸಾಲು ಹೀಗಿದೆ: ‘ಬೆಳಗ್ಗೆ ಎಂಟು ಗಂಟೆ. ಕುಕ್ಕರ್ ಕೂಗಿದ್ದಕ್ಕೆ ಎರಡೂ ಕಿವಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದ. ಹತ್ತು ನಿಮಿಷ ಹೊರಗೆ ಬರಲಿಲ್ಲ.’ ಇನ್ನೊಂದು: ‘ಬೆನ್ನ ಹಿಂದಿನಿಂದ ಐದು ಸಲ ಹೆಸರು ಕರೆದೆ, ಒಂದು ಸಲ ತಿರುಗಿದ. ಬಿಸ್ಕತ್ತಿನ ಕಾಗದ ಐದು ಸಲ ಸದ್ದು ಮಾಡಿದೆ, ಐದು ಸಲವೂ ತಿರುಗಿದ.’ ಮುಂದೆ ನೋಡಿದ ಸೈಕಾಲಜಿಸ್ಟ್ ಈ ಸಾಲಿನ ಕೆಳಗೆ ತಮ್ಮ ಪೆನ್ನಿನಿಂದ ಗೆರೆ ಎಳೆದರು.

ಅತ್ತೆಗೂ ಒಂದು ಕೆಲಸ ಕೊಟ್ಟೆವು. ನೀರಿನ ಲೋಟವನ್ನು ಅವನಿಗೆ ಕಾಣುವ, ಕೈಗೆಟುಕದ ಕಡೆ ಇಟ್ಟು, ಮನಸ್ಸಿನಲ್ಲಿ ಮೂವತ್ತರವರೆಗೆ ಎಣಿಸಿ, ಅವನು ಏನು ಮಾಡುತ್ತಾನೆ ಎಂದು ನೋಡುವುದು. ಅವರಿಗೆ ಹದಿನೈದರ ಮೇಲೆ ಎಣಿಸಲು ಮನಸ್ಸೇ ಬರಲಿಲ್ಲ. ನಾಲ್ಕನೆಯ ದಿನ ಪೂರ್ತಿ ಎಣಿಸಿದರು. ಹುಡುಗ ಅಳಲಿಲ್ಲ, ಬೆರಳು ತೋರಿಸಲಿಲ್ಲ, ಅಜ್ಜಿಯ ಮುಖ ನೋಡಲಿಲ್ಲ. ಲೋಟವನ್ನು ಒಂದಷ್ಟು ಹೊತ್ತು ನೋಡಿ, ಸುಮ್ಮನೆ ಬೇರೆ ಕಡೆ ಹೊರಟುಹೋದ. ಅಂದು ರಾತ್ರಿ ಅತ್ತೆ ಊಟ ಮಾಡಲಿಲ್ಲ.

ವಿಡಿಯೊ ಕೂಡ ತೆಗೆದಿಡಿ. ಒಂದೊಂದು ನಿಮಿಷದವು ಆರೇಳು ಸಾಕು: ಒಬ್ಬನೇ ಆಡುವಾಗ, ಬೇರೆ ಮಕ್ಕಳಿರುವಾಗ, ಊಟಕ್ಕೆ ಕೂತಾಗ, ಹೆಸರು ಕರೆದಾಗ, ಸಿಟ್ಟು ಬಂದಾಗ, ಖುಷಿಯಾದಾಗ. ‘ಮಾಮನಿಗೆ ಹಾಯ್ ಹೇಳು’ ಎಂದು ಕುಣಿಸುವ ವಿಡಿಯೊ ಬೇಡ. ಆಸ್ಪತ್ರೆಯಲ್ಲಿ ಮಗು ಹೆದರಿ ಮುದುಡಿ ಕೂತರೆ ಈ ವಿಡಿಯೊಗಳೇ ಅದರ ಪರವಾಗಿ ಮಾತಾಡುತ್ತವೆ.

ಮಗುವಿಗೆ ಬರುವುದನ್ನೂ ಬರೆಯಿರಿ, ಬಾರದ್ದನ್ನು ಮಾತ್ರವಲ್ಲ. ನಮ್ಮವನು ಬಸ್ಸಿನ ಬೋರ್ಡಿನ ಬಣ್ಣ ನೋಡಿ ಕುಷ್ಟಗಿಗೆ ಹೋಗುವುದು ಯಾವುದು, ಸಿಂಧನೂರಿಗೆ ಹೋಗುವುದು ಯಾವುದು ಎಂದು ಬೇರೆ ಮಾಡಬಲ್ಲ. ಮನೆಯ ಮಾತು ತೆಲುಗೋ ಉರ್ದುವೋ ಲಂಬಾಣಿಯೋ ಆಗಿದ್ದರೆ ಅದನ್ನು ಮೊದಲೇ ಹೇಳಿ. ‘ಬುವ್ವ’, ‘ತಾಚಿ’ಯಂಥ ಮನೆಯ ಮಾತುಗಳ ಚಿಕ್ಕ ಪಟ್ಟಿ ಕೊಡಿ. ಪರೀಕ್ಷಿಸುವವರ ಕನ್ನಡ ಬೇರೆ ಇರಬಹುದು.

ಪರೀಕ್ಷೆಯ ದಿನ

ಒಂದೇ ದಿನ ಎಂದುಕೊಳ್ಳಬೇಡಿ. ನಮಗೆ ನಾಲ್ಕು ಓಡಾಟ ಬೇಕಾಯಿತು. ಆಧಾರ್, ಬಿಪಿಎಲ್ ಪಡಿತರ ಚೀಟಿ, ತಾಯಿ ಕಾರ್ಡ್, ಹೆರಿಗೆಯಾದ ಆಸ್ಪತ್ರೆಯ ಬಿಡುಗಡೆ ಚೀಟಿ ಜೊತೆಗಿರಲಿ. ಗರ್ಭಿಣಿಯಿದ್ದಾಗ ಏನಾದರೂ ತೊಂದರೆ ಇತ್ತೇ, ಹುಟ್ಟಿದ ಕೂಡಲೇ ಅತ್ತಿತೇ, ಕಾಮಾಲೆ ಬಂದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರೇ, ಕತ್ತು ನಿಂತದ್ದು ಯಾವಾಗ, ನಡೆದದ್ದು ಯಾವಾಗ, ಫಿಟ್ಸ್ ಬಂದಿತ್ತೇ ಎಂದೆಲ್ಲ ಕೇಳುತ್ತಾರೆ. ಗಂಡಹೆಂಡತಿ ರಕ್ತಸಂಬಂಧಿಗಳೇ ಎಂದೂ ಕೇಳುತ್ತಾರೆ. ನಮ್ಮ ಕಡೆ ಇದಕ್ಕೆ ಹೌದು ಎನ್ನುವ ಮನೆಗಳು ಬೇಕಾದಷ್ಟಿವೆ, ಮುಜುಗರ ಪಡಬೇಡಿ. ಅದು ತಪ್ಪು ಹೊರಿಸುವ ಪ್ರಶ್ನೆಯಲ್ಲ. ಕೆಲವು ಅನುವಂಶೀಯ ಕಾಯಿಲೆಗಳನ್ನು ಬೇರೆಯಾಗಿ ಹುಡುಕಬೇಕೇ ಎಂದು ನಿರ್ಧರಿಸಲು ಕೇಳುವುದು.

ಆಮೇಲೆ ಮಗುವನ್ನು ನೆಲದ ಮೇಲೆ ಕೂರಿಸಿ ಆಟವಾಡಿಸುತ್ತಾರೆ. ಸಾಬೂನಿನ ಗುಳ್ಳೆ ಬಿಡುತ್ತಾರೆ, ನಿಲ್ಲಿಸುತ್ತಾರೆ. ಇನ್ನೊಮ್ಮೆ ಬಿಡು ಎಂದು ಮಗು ಯಾವ ರೀತಿಯಲ್ಲಾದರೂ ಕೇಳುತ್ತದೆಯೇ ಎಂದು ನೋಡುತ್ತಾರೆ. ಆಟಿಕೆ ಫೋನ್ ಕೊಡುತ್ತಾರೆ, ಕೈಬೆರಳಿಗೆ ಪೆಟ್ಟಾದಂತೆ ನಟಿಸುತ್ತಾರೆ, ಗೋಡೆಯ ಚಿತ್ರದ ಕಡೆ ಬೆರಳು ತೋರಿಸುತ್ತಾರೆ. ನೋಡುವವರಿಗೆ ಸುಮ್ಮನೆ ಕಾಲ ಕಳೆಯುತ್ತಿದ್ದಾರೆ ಅನಿಸುತ್ತದೆ. ಪರೀಕ್ಷೆ ಅದೇ. ನಡುವೆ ತಂಗಿ, ‘ಆಂಟಿಗೆ ನಮಸ್ಕಾರ ಮಾಡು’ ಎಂದು ಅವನ ಕೈ ಜೋಡಿಸಲು ಹೋದಳು. ‘ಅಕ್ಕ, ನಿಮ್ಮ ಕೈ ನಿಮ್ಮ ಮಡಿಲಲ್ಲಿ ಇರಲಿ’ ಎಂದರು ಆಟವಾಡಿಸುತ್ತಿದ್ದವರು, ನಗುತ್ತಲೇ.

ಮಾಪಕಗಳ ಹೆಸರು ಕೇಳಿ ಗಾಬರಿಯಾಗಬೇಡಿ. ಎರಡರಿಂದ ಒಂಬತ್ತು ವರ್ಷದ ಮಕ್ಕಳಿಗೆಂದು ನಮ್ಮ ದೇಶದಲ್ಲೇ ಮಾಡಿದ ಐಎನ್‌ಡಿಟಿ, ಹದಿನೈದು ಅಂಶಗಳ ಕಾರ್ಸ್, ದಿನನಿತ್ಯದ ಕೌಶಲ ಅಳೆಯುವ ವಿಎಸ್‌ಎಂಎಸ್ ಇವುಗಳಲ್ಲಿ ಒಂದೆರಡನ್ನು ಬಳಸುತ್ತಾರೆ. ಎಂಆರ್‌ಐ ಎಲ್ಲರಿಗೂ ಬೇಕಿಲ್ಲ. ಫಿಟ್ಸ್ ಅನುಮಾನವಿದ್ದರೆ ಮಿದುಳಿನ ವಿದ್ಯುತ್ ಅಲೆಗಳನ್ನು ನೋಡುವ ಇಇಜಿ ಮಾಡಿಸುತ್ತಾರೆ. ಹಸಿವಾದ, ನಿದ್ದೆಗೆಟ್ಟ ಮಗುವನ್ನು ಆಟದ ಪರೀಕ್ಷೆಗೆ ಕೂರಿಸಬೇಡಿ. ಬೆರಾ ಪರೀಕ್ಷೆಯ ದಿನವೇ ಇದನ್ನೂ ಇಟ್ಟುಕೊಳ್ಳಬಾರದು ಎನ್ನುವುದು ಅದಕ್ಕೇ.

ತೀರ್ಮಾನ ಹೇಳುವಾಗ ಮನೆಯ ಇಬ್ಬರಾದರೂ ಇರಿ. ಒಬ್ಬರಿಗೆ ಕಿವಿ ಮುಚ್ಚಿಹೋಗುತ್ತದೆ. ತಂಗಿ ಕೇಳಿದ್ದು ಒಂದೇ: ಇದು ಯಾವಾಗ ವಾಸಿಯಾಗುತ್ತದೆ? ಜ್ವರದಂತೆ ಬಂದು ಹೋಗುವುದಲ್ಲ, ಆದರೆ ಕಲಿಸಿದರೆ ಹುಡುಗ ಕಲಿಯುತ್ತಾನೆ ಎಂದರು ವೈದ್ಯರು. ಗ್ರಹಣದ ದಿನ ತಾನು ಹೊರಗೆ ಬಂದಿದ್ದೆ ಎಂದು ಅವಳು ಅತ್ತಳು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅವರು ಎರಡು ಸಲ ಹೇಳಬೇಕಾಯಿತು. ನನ್ನ ಪಾಲಿಗೆ ಬಂದದ್ದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದ ಪ್ರಶ್ನೆಗಳು. ಆಟಿಸಂ ಒಂದೇಯೋ, ಜೊತೆಗೆ ಬೆಳವಣಿಗೆಯ ವಿಳಂಬವೂ ಇದೆಯೋ? ಎಷ್ಟು ಮಟ್ಟದ ನೆರವು ಬೇಕು? ಮೊದಲು ಯಾವ ಥೆರಪಿ, ವಾರಕ್ಕೆ ಎಷ್ಟು ಸಲ? ಊರಿಂದ ಬರಲಾಗದ ವಾರ ಮನೆಯಲ್ಲಿ ಏನು ಮಾಡಿಸಬೇಕು? ಮರುಪರೀಕ್ಷೆ ಯಾವಾಗ? ಕೊನೆಯ ಎರಡಕ್ಕೆ ಉತ್ತರವನ್ನು ಬರೆಸಿಕೊಂಡೇ ಎದ್ದೆ.

ಇಷ್ಟೆಲ್ಲದರ ನಡುವೆ ಒಂದು ಖಾಸಗಿ ಕೇಂದ್ರದವರು ಮೂರು ತಿಂಗಳ ಪ್ಯಾಕೇಜ್, ಪೂರ್ತಿ ಗುಣ ಎಂದಿದ್ದರು. ಇನ್ನೊಬ್ಬರು ಸ್ಟೆಮ್ ಸೆಲ್ ಚಿಕಿತ್ಸೆ ಎಂದಿದ್ದರು. ಗುಣ ಮಾಡುತ್ತೇವೆ ಎಂದು ಬರೆದು ಸಹಿ ಹಾಕಿ ಕೊಡಿ, ಜೆರಾಕ್ಸ್ ಮಾಡಿಟ್ಟುಕೊಳ್ಳುತ್ತೇನೆ ಎಂದೆ. ಆಮೇಲೆ ಅವರ ಫೋನ್ ಬರಲಿಲ್ಲ.

ಕಾಗದ ನನ್ನ ಇಲಾಖೆ

ಚೀಟಿಯ ಮೇಲೆ ಗೀಚಿದ ಎರಡು ಶಬ್ದ ವರದಿಯಲ್ಲ. ಯಾವ ಮಾಪಕ, ಎಷ್ಟು ಅಂಕ, ಏನು ಕಂಡಿತು, ಏನು ಸಲಹೆ, ಸಹಿ, ಮೊಹರು, ದಿನಾಂಕ ಎಲ್ಲವೂ ಇರುವ ಪೂರ್ಣ ವರದಿ ಕೇಳಿ. ಕಿವಿಯ ಪರೀಕ್ಷೆಯ ಮುದ್ರಣ ನುಣುಪಾದ ಥರ್ಮಲ್ ಕಾಗದದಲ್ಲಿದ್ದರೆ, ಬಸ್ ಟಿಕೆಟ್ಟಿನಂತೆ ಅದು ವರ್ಷದೊಳಗೆ ಬೆಳ್ಳಗಾಗುತ್ತದೆ. ಅದೇ ವಾರ ಪ್ರತಿ ತೆಗೆಸಿ. ಮೂಲ ವರದಿಯನ್ನು ಪ್ರೀತಿಯಿಂದ ಲ್ಯಾಮಿನೇಟ್ ಮಾಡಿಸಬೇಡಿ. ಮುಂದೆ ಅದರ ಮೇಲೆ ಯಾರೂ ಮೊಹರು ಹಾಕಲಾರರು. ಲ್ಯಾಮಿನೇಷನ್‌ನಿಂದ ದುಡ್ಡು ಬರುವುದು ನನಗೆ, ಆದರೂ ಹೇಳುತ್ತಿದ್ದೇನೆ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಒಂದು. ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಿದ ಮೇಲೆ ಆಸ್ಪತ್ರೆಯ ಮಂಡಳಿ ಮಗುವನ್ನು ನೋಡುತ್ತದೆ. ಅಲ್ಲಿ ಬಳಸುವುದು ಐಎಸ್‌ಎಎ. ನಲವತ್ತು ಅಂಶಗಳು, ಒಂದೊಂದಕ್ಕೆ 1ರಿಂದ 5 ಅಂಕ. 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲ, 106ರವರೆಗೆ ಸೌಮ್ಯ, 153ರವರೆಗೆ ಮಧ್ಯಮ, ಮೇಲೆ ತೀವ್ರ. ಹೆಚ್ಚಿನ ಸೌಲಭ್ಯಗಳಿಗೆ ಪ್ರಮಾಣಪತ್ರದಲ್ಲಿ ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಚಿಕ್ಕ ಮಕ್ಕಳಿಗೆ ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟಿದ್ದರೆ ಅವಧಿ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಎಂಬ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ರಕ್ಷಣೆ ಇದೆ, ಥೆರಪಿಯ ಖರ್ಚಿಗೂ ಅದರಲ್ಲಿ ಒಂದು ಪಾಲಿದೆ.

ಅರ್ಜಿ ಹಾಕುವ ಮೊದಲು ಜನನ ಪ್ರಮಾಣಪತ್ರ, ಆಧಾರ್, ವರದಿ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ. ಒಂದರಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಷಿಯಲ್, ಮತ್ತೊಂದರಲ್ಲಿ ಅಡ್ಡಹೆಸರು. ವಾಪಸ್ ಬರುವ ಅರ್ಜಿಗಳಲ್ಲಿ ನಾನು ಕಂಡ ಮುಖ್ಯ ಕಾರಣ ಇದೇ. ಓಪಿಡಿ ಚೀಟಿ ಬರೆಸುವಾಗಲೇ ಆಧಾರ್ ಕಾರ್ಡನ್ನು ಕಿಟಕಿಯೊಳಗೆ ಕೊಡಿ, ಬಾಯಲ್ಲಿ ಹೆಸರು ಹೇಳಬೇಡಿ.

ಕಾರ್ಡು ಬರುವ ತನಕ ಥೆರಪಿ ನಿಲ್ಲಿಸಬಾರದು. ಅದಕ್ಕೂ ಇದಕ್ಕೂ ನಂಟಿಲ್ಲ. ವರದಿ ಕೈಗೆ ಬಂದ ಮರುವಾರವೇ ನಮ್ಮವನಿಗೆ ಸ್ಪೀಚ್ ಥೆರಪಿ ಶುರುವಾಯಿತು.

ವರದಿಯ ಆರು ಪ್ರತಿ ಮಾಡಿದೆ. ಅಂಗನವಾಡಿಗೆ ಒಂದು, ಥೆರಪಿಯವರಿಗೆ ಒಂದು, ಯುಡಿಐಡಿಗೆ ಒಂದು, ವಿಮೆಗೆ ಒಂದು, ನನ್ನ ಅಂಗಡಿಯ ಕಪಾಟಿಗೆ ಒಂದು. ಆರನೆಯದನ್ನು ಅತ್ತೆ ಕೇಳಿ ಪಡೆದರು. ಅವರಿಗೆ ಓದಲು ಬರುವುದಿಲ್ಲ. ಟ್ರಂಕಿನಲ್ಲಿ ಹುಲಿಗೆಮ್ಮನ ಭಂಡಾರದ ಪೊಟ್ಟಣದ ಪಕ್ಕ ಇಟ್ಟಿದ್ದಾರೆ. ಮನೆಗೆ ಬಂದವರು ಯಾರಾದರೂ ‘ಮಾತು ತಾನಾಗಿ ಬರುತ್ತದೆ ಬಿಡಿ, ಕಾಯಿರಿ’ ಎಂದರೆ ಟ್ರಂಕು ತೆಗೆದು ಅದನ್ನು ಅವರ ಕೈಗೆ ಕೊಟ್ಟು, ‘ಓದಿ’ ಎನ್ನುತ್ತಾರೆ.